ಇಲ್ಲವಂತೆ

ಅಂಗಡಿಯ ಹುಡುಗಿ ಇದೆ ಎಂದಿದ್ದಳು. ಇಲ್ಲವಂತೆ ಎಂದವಳು ನಾನು.

ನನ್ನ ಅತ್ತಿಗೆಗೆ ನಾನು ಹೇಳಿದ ಸುಳ್ಳು ಇಷ್ಟೇ — ಒಂದೇ ಪದ. ಅದನ್ನು ಹೇಳಿ ಕೆಲವು ವರ್ಷಗಳಾದವು. ಅತ್ತಿಗೆ ಈ ಚಳಿಗಾಲದಲ್ಲಿ ಸಿಡ್ನಿಯಲ್ಲಿ ತೀರಿಕೊಂಡರು. ಇನ್ನು ಅವರಿಗೆ ಹೇಳಲಾಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಣ್ಣ ಹೋದ ಮೇಲೆ ಅತ್ತಿಗೆ ಸಿಡ್ನಿಯ ಹ್ಯಾರಿಸ್ ಪಾರ್ಕಿನ ಮನೆಯಲ್ಲಿ ಒಬ್ಬರೇ ಇದ್ದರು. ಅಣ್ಣ ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಅವನ ಪಕ್ಕ ಕೂತು ಕೊರಿಯಾದ ರಾಜರಾಣಿಯರ ಸೀರಿಯಲ್ ನೋಡುವುದು ಅವರಿಗೆ ಅಭ್ಯಾಸವಾಗಿತ್ತು. ಅವರ ಮಗಳು ಮಾನಸಾ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದುತ್ತಿದ್ದಳು. ನಾನಿರುವುದು ಅದೇ ಊರಿನ ಇನ್ನೊಂದು ತುದಿ, ಕ್ರೇಗಿಬರ್ನ್. "ಅತ್ತೆ, ಅಮ್ಮನ್ನ ಒಂದ್ಸಲ ಕೊರಿಯಾದ ಸಿಯೋಲ್‌ಗೆ ಕರ್ಕೊಂಡು ಹೋಗಿ ಬನ್ನಿ, ನಾನೇ ಬುಕ್ ಮಾಡ್ತೀನಿ," ಎಂದಳು. ನಮ್ಮಲ್ಲಿ ಸುಡುಬಿಸಿಲಿನ ಜನವರಿ. ಅಲ್ಲಿ ಇಳಿದರೆ ಉಸಿರು ಹೊಗೆಯಾಗುವ ಚಳಿ.

ಅತ್ತಿಗೆಗೆ ಎಲ್ಲವೂ ಬೇಕು. ಮೊದಲ ಅರಮನೆಯಲ್ಲಿ ರಾಣಿಯ ಮನೆಯ ಹಿಂದೆ ತೋಟದ ಮಧ್ಯೆ ಹೂವಿನ ಚಿತ್ತಾರದ ಚಿಮಣಿಗಳು ನಿಂತಿದ್ದವು — ಸುತ್ತ ಎಲ್ಲೂ ಒಲೆಯಿಲ್ಲ. ಅತ್ತಿಗೆ ಬಿಡಲಿಲ್ಲ. ಬೋರ್ಡು ಓದಿ, ಸುತ್ತು ಹಾಕಿ, ಬಂದು ವರದಿ ಕೊಟ್ಟರು: "ನೆಲದ ಕೆಳಗೆ ಬೆಂಕಿ ಹಾಕ್ತಿದ್ರಂತೆ ಕಣೇ ಶೋಭಾ. ಹೊಗೆ ಅಲ್ಲಿಂದ ಇಲ್ಲಿಗೆ ಬರ್ತಿತ್ತಂತೆ. ರಾಣಿ ಬೆಚ್ಚಗೆ ಮಲಗಿರೋಳು, ಸೌದೆ ತುರುಕೋಳು ಯಾರೋ ಪಾಪ." ಸಿಂಹಾಸನದ ಕಟ್ಟಡದ ಮುಂದೆ ನೀರಿನ ದೊಡ್ಡ ಹಂಡೆ ಕಂಡಾಗ ಅದರೊಳಗೂ ಬಗ್ಗಿ ನೋಡಿದರು. ಕಟ್ಟಡ ಸುಡಲು ಬಂದ ಬೆಂಕಿಯ ಭೂತ ನೀರಲ್ಲಿ ತನ್ನ ಮುಖ ನೋಡಿ ಹೆದರಿ ಓಡಲಿ ಎಂದು ಇಟ್ಟದ್ದಂತೆ. "ಬೆಳಿಗ್ಗೆ ಎದ್ದು ಕನ್ನಡಿ ನೋಡಿದ್ರೆ ನಾನೂ ಹಂಗೇ ಓಡ್ತೀನಿ ಬಿಡು," ಎಂದು ನಕ್ಕರು.

ಅಂಗಡಿಗೆ ಹೋದದ್ದು ಅಲ್ಲಿಂದ ಎರಡನೆಯ ಅರಮನೆಗೆ ನಡೆಯುವ ದಾರಿಯಲ್ಲಿ. ಕೊರಿಯಾದ ಸಾಂಪ್ರದಾಯಿಕ ಉಡುಪು, ಹನ್‌ಬೊಕ್, ಬಾಡಿಗೆಗೆ ಕೊಡುವ ಅಂಗಡಿ. ಅದನ್ನು ಉಟ್ಟು ಹೋದರೆ ಅರಮನೆಗೆ ಟಿಕೆಟ್ ಬೇಡ. ಅತ್ತಿಗೆ ನೇರ ಹೋಗಿ ಹಿಡಿದದ್ದು ಒಂದು ಕೆಂಪು ಲಂಗ. ಮದುಮಗಳ ಕೆಂಪು. "ಇದು ನನಗಾಗತ್ತಾ ಕೇಳೇ."

ಅವರು ಸ್ವಲ್ಪ ದಪ್ಪ. ಹೊರಗಿನ ಚಳಿಯಿಂದ ಒಳಗೆ ಬಂದದ್ದರಿಂದ ಅವರ ಕನ್ನಡಕ ಮಂಜಾಗಿತ್ತು. ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. ನಾನು ಅನುವಾದದ ಆ್ಯಪ್ ತೆರೆದು ಫೋನು ಮುಂದೆ ಹಿಡಿದೆ. ಹುಡುಗಿ ಹೇಳಿದ್ದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂಡಿತು — ಇದೆ, ದೊಡ್ಡದೂ ಇದೆ, ಈ ಬಣ್ಣ ಅವರಿಗೆ ಒಪ್ಪುತ್ತದೆ.

"ನಿಮ್ಮ ಸೈಜಿಂದು ಇಲ್ಲವಂತೆ ಅತ್ತಿಗೆ," ಎಂದೆ.

ಈ "ಅಂತೆ" ಎಷ್ಟು ಅನುಕೂಲದ ಮಾತು! ಹೇಳಿದವರು ಬೇರೆ ಯಾರೋ, ನಾನು ಬರೀ ತಲುಪಿಸಿದವಳು. ಬೆಳಗಿನಿಂದ ಅತ್ತಿಗೆ ಅದೇ "ಅಂತೆ"ಯಲ್ಲಿ ಒಂದು ದೇಶವನ್ನೇ ನನಗೆ ತಂದುಕೊಟ್ಟಿದ್ದರು. ನಾನು ಅದರಲ್ಲೇ —

ಆಗ ಅಣ್ಣನ ವರ್ಷಾಬ್ದಿಕ ಇನ್ನೂ ಆಗಿರಲಿಲ್ಲ.

ಅತ್ತಿಗೆ ಲಂಗವನ್ನು ಮಡಚಿ ವಾಪಸ್ ಇಟ್ಟರು. "ಹೋಗ್ಲಿ, ನೀನಾದ್ರೂ ಹಾಕ್ಕೋ." ಹಾಕಿಕೊಂಡೆ. ನಾಚಿಕೆಯಿಲ್ಲದೆ ನೀಲಿಯದನ್ನು ಹಾಕಿಕೊಂಡೆ. ಅವರು ತಮಗೊಂದು ಟಿಕೆಟ್ ಕೊಂಡು, ಕಂದು ಕೋಟಿನಲ್ಲಿ ನನ್ನ ಹಿಂದೆ ನಡೆದರು. ಕರಗಿದ ಹಿಮದ ಕೆಸರು ತಾಗದಂತೆ ನನ್ನ ಲಂಗದ ಅಂಚನ್ನು ಎತ್ತಿ ಹಿಡಿದಿದ್ದರು.

ಎರಡನೆಯ ಅರಮನೆಯ ಅಂಗಳದಲ್ಲಿ ಅತ್ತಿಗೆಗಿಂತ ದಪ್ಪನೆಯ ಹೆಂಗಸೊಬ್ಬರು ಹನ್‌ಬೊಕ್ ಉಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರ ಕೈಚೀಲದ ಮೇಲೆ ನಾವು ಹೋಗಿದ್ದ ಅಂಗಡಿಯದೇ ಹೆಸರು. ಅತ್ತಿಗೆ ಬಹಳ ಹೊತ್ತು ನೋಡಿದರು. ಚಿಮಣಿಯ ಹೊಗೆ ಎಲ್ಲಿಂದ ಬಂತು ಎಂದು ಹುಡುಕಿದವರು, ಹಂಡೆಯ ನೀರು ಯಾಕೆ ಎಂದು ಕೇಳಿದವರು — ಅದೊಂದನ್ನು ಕೇಳಲಿಲ್ಲ. ಗೊತ್ತಾಯಿತೇ? ಗೊತ್ತಾಗಿಯೂ ನನ್ನ ಮಾನ ಉಳಿಸಿದರೇ? ಅದನ್ನು ತಿಳಿಯುವ ಆಸೆ ನನಗೆ ಇವತ್ತಿಗೂ ಹೋಗಿಲ್ಲ. ಅಂದಿನಿಂದ ಅವರು ಗಾಢ ಬಣ್ಣವನ್ನು ಮುಟ್ಟಿದ್ದನ್ನು ಮಾತ್ರ ನಾನು ನೋಡಲಿಲ್ಲ.

ಅತ್ತಿಗೆಯ ವೈಕುಂಠ ಸಮಾರಾಧನೆಯ ದಿನ ಮಾನಸಾ ಬಂದವರಿಗೆಲ್ಲ ಹೇಳುತ್ತಿದ್ದಳು, "ಅಪ್ಪ ಹೋದ್ಮೇಲೆ ಅಮ್ಮ ಬ್ರೈಟ್ ಕಲರ್ಸ್ ಬಿಟ್ಬಿಟ್ರು. ಇಟ್ ವಾಸ್ ಹರ್ ಚಾಯ್ಸ್. ಅಲ್ವಾ ಅತ್ತೆ?" ತಲೆಯಾಡಿಸಿದೆ. ಇದು ಎರಡನೆಯ ಸುಳ್ಳು.

ಹೋದ ವಾರ ಫೋನು ಮಾಡಿ, ತನ್ನ ಬಣ್ಣದ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿ ದಾನಕ್ಕೆ ಇಟ್ಟಿರುವುದಾಗಿ ಹೇಳಿದಳು. "ಇನ್ಮೇಲೆ ನಾನೂ ಅಮ್ಮನ ಥರಾನೇ ಇರ್ತೀನಿ ಅತ್ತೆ." ಇಪ್ಪತ್ತಮೂರು ವರ್ಷದ ಹುಡುಗಿ. ನನ್ನ ಸುಳ್ಳನ್ನು ತಾಯಿಯ ವ್ರತ ಎಂದು ತಿಳಿದು ಉಟ್ಟುಕೊಳ್ಳಲು ಹೊರಟಿದ್ದಾಳೆ.

"ಆ ಚೀಲ ಕೊಡ್ಬೇಡ," ಎಂದೆ. ಅಂಗಡಿಯಲ್ಲಿ ಆದದ್ದನ್ನು ಇದ್ದ ಹಾಗೆ ಹೇಳಿದೆ.

ಆ ಕಡೆ ಬಸ್ಸಿನ ಸದ್ದು. ಆಮೇಲೆ, "ಯಾಕೆ ಅತ್ತೆ?"

ಅಣ್ಣನ ಹೆಸರು ನಾಲಿಗೆಯ ತುದಿಗೆ ಬಂತು. ಅವನ ದುಃಖದಲ್ಲಿ ಹಾಗೆ ಮಾಡಿದೆ ಎಂದಿದ್ದರೆ ಅವಳು ನಂಬುತ್ತಿದ್ದಳು. ಅತ್ತೂ ಬಿಡುತ್ತಿದ್ದಳೇನೋ. ನುಂಗಿಕೊಂಡೆ.

"ನಿಮ್ಮಮ್ಮ ಖುಷಿಯಾಗಿದ್ರು ಮಾನಸಾ. ನನ್ ಕೈಲಿ ಅದನ್ನ ನೋಡಕ್ಕಾಗ್ಲಿಲ್ಲ."

ಅವಳು ಫೋನು ಇಟ್ಟಳು. ಇನ್ನೂ ಮಾಡಿಲ್ಲ. ಮಾಡದಿದ್ದರೂ ನ್ಯಾಯವೇ — ಕಾಯುತ್ತಿಲ್ಲ ಎಂದರೆ ಮಾತ್ರ ಅದೂ ಸುಳ್ಳಾಗುತ್ತದೆ.