ವಿನಿತಾಬಾಯಿಯ ಪಾಲಿನ ಭತ್ತ

ಸೆಪ್ಟೆಂಬರ್‌ನಲ್ಲಿ ಕ್ಯಾಥೊಲಿಕರ ಹೊಸ ತೆನೆಯ ಮೊಂತಿ ಹಬ್ಬ ಬಂದರೆ ನನಗೆ ಡೈಸಿಬಾಯಿಯದ್ದೇ ನೆನಪು. ಅವರು ತೀರಿಹೋಗಿ ನಾಲ್ಕು ವರ್ಷವಾಯಿತು. ಮಂಗಳೂರಿನ ಉರ್ವದಲ್ಲಿ ನಮ್ಮ ಹಿಂದೂ ಮನೆಗೂ ಅವರ ಕ್ರಿಶ್ಚಿಯನ್ ಮನೆಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಗೋಡೆ. ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯ ಅಕ್ಕಿಯನ್ನು ಪುಡಿ ಮಾಡಿ, ತೆಂಗಿನ ಹಾಲಿಗೆ ಬೆರೆಸಿ, ಗೋಡೆಯ ಮೇಲಿಂದ ನನಗೂ ಒಂದು ಚಮಚ ಕೊಡುತ್ತಿದ್ದರು. ಅಂದು ಮನೆಯವರೆಲ್ಲ ಹೊಸತು ಉಣ್ಣಬೇಕು. ದೂರ ಇದ್ದವರಿಗೆ ನಾಲ್ಕು ಕಾಳು ಭತ್ತವನ್ನಾದರೂ ಲಕೋಟೆಯಲ್ಲಿ ಕಳಿಸಬೇಕು. ಡೈಸಿಬಾಯಿಯ ಲಕೋಟೆಗಳು ಮಸ್ಕತ್ತಿಗೆ, ದೋಹಾಕ್ಕೆ ಹೋಗುತ್ತಿದ್ದವು. ಅದೇ ಊರಿನ ಬಿಕರ್ನಕಟ್ಟೆಗೆ ಮಾತ್ರ ಹೋಗುತ್ತಿರಲಿಲ್ಲ.

ಅಲ್ಲಿದ್ದದ್ದು ಅವರ ತಂಗಿ ವಿನಿತಾಬಾಯಿ, ಪ್ರೊಟೆಸ್ಟೆಂಟ್ ಹುಡುಗನನ್ನು ಮದುವೆಯಾಗಿ ಮನೆ ಬಿಟ್ಟವರು.

ಡೈಸಿಬಾಯಿ ಮದುವೆಯ ಗೋಜಿಗೇ ಹೋಗಲಿಲ್ಲ. ಮೂವತ್ತೆಂಟು ವರ್ಷ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿ ಧರ್ಮಪಾಠ ಹೇಳಿದರು.

"ಯೇಸು ಯಾರಿಗಾಗಿ ಸತ್ತ?"

"ನನಗಾಗಿ!"

"ಗಟ್ಟಿಯಾಗಿ!" ಎಂದು ಅಡಿಕೋಲನ್ನು ಮೇಜಿಗೆ ಬಡಿಯುವರು. ನಮ್ಮ ಅಡುಗೆಮನೆಯಲ್ಲಿ ಅಮ್ಮ ಬೆಚ್ಚಿಬೀಳುವರು.

ಒಂದು ವರ್ಷ ಹಬ್ಬದ ಮುನ್ನಾದಿನ ಪಾಪನಿವೇದನೆಗೆ ಹೋದವರು ಮುಖ ಬಾಡಿಸಿಕೊಂಡು ಬಂದು ನನ್ನನ್ನು ಗೋಡೆಯ ಹತ್ತಿರ ಕರೆದರು.

"ಹೊಸ ಪಾದ್ರಿ, ಅಶ್ಮಿತಾ. ನಾನು ಯಾವಾಗಿನ ಹಾಗೆ ಹೇಳಿದೆ. ಸಿಟ್ಟು ಬಂತು, ಜಪಸರ ತಪ್ಪಿಸಿದೆ, ನೆರೆಯವರ ಬಗ್ಗೆ ಮಾತಾಡಿದೆ. 'ಇದು ಎಲ್ಲರೂ ಹೇಳುವಂಥದ್ದು ಬಾಯಿ, ನಿಮ್ಮದು ಎಂತ ಉಂಟು?' ಅಂತ ಕೇಳಿದ್ರು."

"ನೀವು ಎಂತ ಹೇಳಿದ್ರಿ?"

"ಎದ್ದು ಬಂದೆ."

ಆ ನೆರೆಯವರು ನಾವೇ ಎಂದು ನನಗೆ ಗೊತ್ತಿತ್ತು. ಅವರು ಪ್ರಾರ್ಥನೆ ಪುಸ್ತಕದ ಚೀಲದಿಂದ ಲಕೋಟೆಗಳನ್ನು ತೆಗೆದರು. ವರ್ಷಕ್ಕೊಂದರಂತೆ ಹನ್ನೊಂದಿದ್ದವು, ಒಳಗೆ ಕಳಿಸದೆ ಉಳಿದ ಭತ್ತ. ಎಲ್ಲದರ ಮೇಲೂ ತಂಗಿಯ ವಿಳಾಸ.

"ಅಮ್ಮ ಸಾಯುವ ಮೊದಲು ಮೂರು ದಿನ 'ವಿನ್ನಿಯನ್ನು ಕರಿ' ಅಂತ ಕೂತ್ರು. ನಾನು ಫೋನೇ ಮಾಡ್ಲಿಲ್ಲ. ಅವಳು ಬರುವುದಿಲ್ಲ ಅಂದಳು ಅಂತ ಅಮ್ಮನಿಗೆ ಸುಳ್ಳು ಹೇಳಿದೆ. ಇದಕ್ಕೆ ಎಲ್ಲಿ ಕ್ಷಮೆ ಉಂಟು, ಮಾರಾಯ್ತಿ?"

ನನಗೆ ಸಿಟ್ಟೇ ಬಂತು. ಆ ತಾಯಿಯ ಕೈಯಿಂದ ನಾನೂ ಉಂಡವಳು. "ಮತ್ತೆ ಆ ಮಕ್ಕಳ ಹತ್ರ ನನಗಾಗಿ, ನನಗಾಗಿ ಅಂತ ಬೊಬ್ಬೆ ಹಾಕಿಸುವುದು ಯಾಕೆ?" ಎಂದುಬಿಟ್ಟೆ. ಅವರು ಲಕೋಟೆಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಒಳಗೆ ಹೋದರು.

ಮರುದಿನ ಇಗರ್ಜಿಯ ಪೂಜೆ ಮುಗಿಸಿ ತೆನೆಯನ್ನೂ ಲಕೋಟೆಗಳ ಚೀಲವನ್ನೂ ಹಿಡಿದು ನಮ್ಮ ಅಂಗಳಕ್ಕೆ ಬಂದರು. "ಸ್ಕೂಟರ್ ತೆಗಿ."

ಬಿಕರ್ನಕಟ್ಟೆಯಲ್ಲಿ ವಿನಿತಾಬಾಯಿ ಬಾಗಿಲು ತೆರೆದರು. ಡೈಸಿಬಾಯಿ ಒಳಗೆ ಹೋಗಲಿಲ್ಲ. ಹೊಸ್ತಿಲಾಚೆ ನಿಂತೇ ಒಂದೇ ಉಸಿರಿಗೆ ಎಲ್ಲವನ್ನೂ ಕೊಂಕಣಿಯಲ್ಲಿ ಹೇಳಿದರು. ಗೋಡೆಯಾಚೆಯಿಂದ ಕೇಳಿ ಕೇಳಿ ನನಗೂ ಆ ಭಾಷೆ ಬರುತ್ತಿತ್ತು.

"ಗೊತ್ತುಂಟು ಅಕ್ಕ," ಎಂದರು ವಿನಿತಾಬಾಯಿ. "ಅಮ್ಮನನ್ನು ನೋಡಿಕೊಂಡ ನರ್ಸ್ ಆವತ್ತೇ ಹೇಳಿದ್ದಳು. ಒಂದು ವರ್ಷ ನಿನಗೆ ಶಾಪ ಹಾಕಿದೆ. ಮತ್ತೆ ಬಿಟ್ಟೆ. ಹತ್ತು ವರ್ಷದಿಂದ ನೀನು ಬರ್ತಿ ಅಂತ ಕಾಯ್ತಾ ಇದ್ದೇನೆ."

ಡೈಸಿಬಾಯಿ ಮೆಟ್ಟಿಲ ಮೇಲೆ ಕುಳಿತು ಅತ್ತರು. ನನ್ನ ಕಣ್ಣೂ ತುಂಬಿತು. ಹಳೆಯ ಲಕೋಟೆಗಳ ಭತ್ತಕ್ಕೆಲ್ಲ ಹುಳ ಹಿಡಿದಿತ್ತು. ಆ ವರ್ಷದ ತೆನೆಯನ್ನೇ ಸುಲಿದು ಅಕ್ಕತಂಗಿಯರು ಹೊಸತು ಉಂಡರು. ನನಗೂ ಒಂದು ಚಮಚ ಸಿಕ್ಕಿತು.

ಹಿಂದಿರುಗುವಾಗ ಬಾಲಯೇಸುವಿನ ಗುಡಿಯ ಹತ್ತಿರ ಸ್ಕೂಟರ್ ನಿಲ್ಲಿಸಲು ಹೇಳಿ, ಪಾಪನಿವೇದನೆಯ ಸಾಲಿನಲ್ಲಿ ನಿಂತರು. ಈ ಸಲ ಅರ್ಧಕ್ಕೆ ಎದ್ದು ಬರಲಿಲ್ಲ. ಹೊರಗೆ ಬಂದವರು ಸ್ಕೂಟರಿನ ಸೀಟು ಹಿಡಿದುಕೊಂಡು ಬಹಳ ಮೆಲ್ಲಗೆ ಹೇಳಿದರು.

"ನನಗಾಗಿ."

ನಾನು ಸೀಟಿಗೆ ಒಂದು ಏಟು ಬಡಿದೆ. "ಗಟ್ಟಿಯಾಗಿ!"

ಅಷ್ಟು ಜನರ ನಡುವೆ, ಅಳುತ್ತ ನಗುತ್ತ, ಡೈಸಿಬಾಯಿ ಗಟ್ಟಿಯಾಗಿಯೇ ಹೇಳಿದರು.