ಗುಂಡ್ಲುಪೇಟೆ ಬಸ್ಸಿನ ಬೋಣಿ

ಪೆಟ್ರೋಲಿನ ವಾಸನೆಗೆ ಹಲವರಿಗೆ ಹೊಟ್ಟೆ ತೊಳಸುತ್ತದೆ. ನನಗೆ ಹಸಿವಾಗುತ್ತದೆ. ಮೈಸೂರಿನಲ್ಲಿ ಯಾವುದೋ ಬಂಕಿನ ಮುಂದೆ ಹಾದುಹೋಗುವಾಗ ಗಾಳಿ ಈ ಕಡೆಗೆ ಬೀಸಿದರೆ ಸಾಕು, ಬೆಳಗ್ಗೆ ಏನೂ ತಿನ್ನದೆ ಬಸ್ಸು ಹತ್ತಿ, ಗುಂಡ್ಲುಪೇಟೆಯಲ್ಲಿ ಇಳಿದ ಮೇಲೆ ಹೋಟೆಲಿನ ಬೆಂಚಿನಲ್ಲಿ ಕೂತು ಇಡ್ಲಿಗಾಗಿ ಕಾಯುವ ಹಸಿವು. ಆ ವಾಸನೆಯ ಜೊತೆಗೆ ಅರಿಶಿನದ ಘಾಟೂ ಬರಬೇಕು; ಬರುವುದಿಲ್ಲ. ಚಾಮರಾಜನಗರದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ನಮ್ಮ ಮನೆ ಇತ್ತು. ಮುಂದಿನ ಅರ್ಧ ಅಪ್ಪನ ಅರಿಶಿನದ ಮಂಡಿ, ಹಿಂದಿನ ಅರ್ಧ ನಾವು. ಗೋಡೆ, ಗೋಣಿ, ಬಾಗಿಲ ಚಿಲಕ, ಒಗೆದು ಹಾಕಿದ ಬಿಳಿ ಪಂಚೆ ಎಲ್ಲವೂ ಹಳದಿ. ಶಾಲೆಯಲ್ಲಿ ನನ್ನ ಸ್ಲೇಟಿನ ಚೌಕಟ್ಟನ್ನು ನೋಡಿಯೇ ಮೇಷ್ಟ್ರು ಇದು ಯಾರದೆಂದು ಹೇಳುತ್ತಿದ್ದರು. ಈಗ ಅಲ್ಲಿ ಮೂರು ಮಹಡಿಯ ಲಾಡ್ಜು ನಿಂತಿದೆ. ಒಮ್ಮೆ ಒಳಗೆ ಹೋಗಿ ನೋಡಿದೆ. ಎಲ್ಲಿ ಯಾವ ಕೋಣೆ ಇತ್ತೆಂಬುದು ಗೊತ್ತಾಗಲಿಲ್ಲ. ರೂಮು ಬೇಕಾ ಎಂದು ಕೇಳಿದರು, ಬೇಡ ಎಂದು ಹೊರಗೆ ಬಂದೆ.

ಆ ಮನೆಯಲ್ಲಿ ನಾಗತ್ತೆ ಇದ್ದಳು. ಅಪ್ಪನ ತಂಗಿ. ಮದುವೆಯಾಗಿ ಎರಡು ವರ್ಷಕ್ಕೇ ಗಂಡ ತೀರಿಕೊಂಡು, ಇಪ್ಪತ್ತು ತುಂಬುವ ಮೊದಲೇ ತವರಿಗೆ ಬಂದವಳು. ಬರುವಾಗ ತಂದದ್ದು ಒಂದು ಟ್ರಂಕು, ಕೈಯಲ್ಲಿ ತಿರುಗಿಸುವ ಒಂದು ಹೊಲಿಗೆ ಮಿಷನ್ನು. ಹಣೆಗೆ ಕುಂಕುಮವಿಲ್ಲ, ವಿಭೂತಿ ಮಾತ್ರ. ಮನೆಯಲ್ಲಿ ಅವಳನ್ನು ಯಾರೂ ಬಯ್ಯುತ್ತಿರಲಿಲ್ಲ. ಹೊಟ್ಟೆಗೆ, ಬಟ್ಟೆಗೆ ಕೊರತೆ ಮಾಡಲಿಲ್ಲ. ಆದರೆ ಅಪ್ಪ ವ್ಯಾಪಾರಕ್ಕೆ ಹೊರಡುವಾಗ ಅವಳು ತಾನಾಗಿಯೇ ಅಡುಗೆಮನೆಯ ಕದದ ಹಿಂದೆ ಸರಿದು ನಿಲ್ಲುತ್ತಿದ್ದಳು. ಅದನ್ನು ಅವಳಿಗೆ ಯಾರು ಹೇಳಿಕೊಟ್ಟರೋ ನನಗೆ ತಿಳಿಯದು. ನಾನು ನೋಡುವ ಹೊತ್ತಿಗೆ ಅದು ದೀಪ ಹಚ್ಚಿದಷ್ಟೇ ಸಹಜವಾಗಿತ್ತು.

ಅವಳಿಗಿದ್ದ ಚಟ ಒಂದೇ, ಊರು ನೋಡುವುದು. ದಾರದ ಉಂಡೆ ಮುಗಿಯಿತು, ಗುಂಡಿ ಸಿಗುತ್ತಿಲ್ಲ, ದೂರದ ನೆಂಟರೊಬ್ಬರಿಗೆ ಹುಷಾರಿಲ್ಲವಂತೆ, ಹೀಗೆ ಹದಿನೈದು ದಿನಕ್ಕೊಂದು ನೆಪ. ನಮ್ಮೂರಲ್ಲಿ ಸಿಗದ ದಾರ ಗುಂಡ್ಲುಪೇಟೆಯಲ್ಲಿ ಹೇಗೆ ಸಿಗುತ್ತದೆಂದು ಯಾರೂ ಕೇಳಲಿಲ್ಲ. “ನಿನ್ ಕಾಲ್ಗೆ ಚಕ್ರ ಅದೆ ಕಣಮ್ಮಿ,” ಎಂದು ಅಪ್ಪ ನಗುತ್ತಿದ್ದ, ಅಷ್ಟೆ. ರೈಲಿನಲ್ಲಿ ಹೋದರೆ ಬದನಗುಪ್ಪೆ, ಕವಲಂದೆ, ಹೆಚ್ಚೆಂದರೆ ನಂಜನಗೂಡು. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು, ಇಳಿಯುವವರನ್ನೂ ಹತ್ತುವವರನ್ನೂ ನೋಡಿ, ತಂದ ಬುತ್ತಿ ಬಿಚ್ಚಿ ತಿಂದು, ವಾಪಸು ಬರುವ ರೈಲು ಹತ್ತುವುದು. ಯಾರ ಮನೆಗೂ ಹೋಗುತ್ತಿರಲಿಲ್ಲ. “ಕೆಲ್ಸ ಇಟ್ಕಂಡು ಓದ್ರೆ ಕೆಲ್ಸ ಕಾಣ್ತದೆ, ಊರು ಕಾಣದಿಲ್ಲ,” ಎನ್ನುತ್ತಿದ್ದಳು. ಬಸ್ಸಿನಲ್ಲಿ ಹೋದರೆ ಚಂದಕವಾಡಿ, ಇಲ್ಲವೇ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆ. ಅವಳಿಗೆ ಗುಂಡ್ಲುಪೇಟೆಯೇ ಹೆಚ್ಚು ಇಷ್ಟ. ಊಟಿಗೆ ಹತ್ತುವ ಬಸ್ಸು, ಮಲಬಾರಿನ ಕಡೆಯಿಂದ ಕಾಡು ದಾಟಿ ಬಂದ ಲಾರಿಗಳು, ಚಾಯದಂಗಡಿಯ ಮಲಯಾಳಿ ಕಾಕಾ ಆಡುತ್ತಿದ್ದ ಅರ್ಥವಾಗದ ಮಾತು. ಆ ಮಾತನ್ನು ಅವಳು ತಲೆ ಓರೆ ಮಾಡಿಕೊಂಡು ಕೇಳುತ್ತಿದ್ದಳು. ಊಟಿ ಬಸ್ಸು ಹೊರಟು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ನಾವು ಎದ್ದೇಳುವಂತಿರಲಿಲ್ಲ.

ಪ್ರತಿ ಸಲವೂ ನನ್ನನ್ನು ಕರೆದುಕೊಂಡೇ ಹೋಗುತ್ತಿದ್ದಳು. ರೈಲಾದರೆ ನಾನು ಕಿಟಕಿಗೆ ಅಂಟಿಕೊಂಡ ಒಂದು ಮಗು, ಅಷ್ಟೆ. ರೈಲು ಸರ್ಕಾರದ್ದು, ಅದಕ್ಕೆ ಶಕುನ ಅಪಶಕುನ ಇರಲಿಲ್ಲ. ಕಿಂಡಿಯ ಹಿಂದೆ ಕೂತು ಟಿಕೆಟ್ ಕೊಡುವವನು ಮುಖವನ್ನೇ ನೋಡುತ್ತಿರಲಿಲ್ಲ. ಬಸ್ಸಿನ ವಿಷಯ ಬೇರೆ. ಅದಕ್ಕೊಬ್ಬ ಸಾಹುಕಾರ, ಡ್ರೈವರನ ತಲೆಯ ಮೇಲೆ ದೇವರ ಪಟ, ಬೆಳಗಿನ ಮೊದಲ ಟ್ರಿಪ್ಪಿಗೆ ಊದುಬತ್ತಿ, ಅಮಾವಾಸ್ಯೆಗೆ ಚಕ್ರದಡಿ ನಿಂಬೆಹಣ್ಣು. ಎಲ್ಲಕ್ಕಿಂತ ಮುಖ್ಯವಾದದ್ದು ಬೋಣಿ. ಅಂಗಡಿಯಲ್ಲಿ ಮೊದಲ ಗಿರಾಕಿ ಹೇಗೋ ಬಸ್ಸಿಗೆ ಮೊದಲು ಹತ್ತುವವರು ಹಾಗೆ. ಮುತ್ತೈದೆ ಹತ್ತಿದರೆ ಒಳ್ಳೆಯದು, ಹೆಣ್ಣುಮಗು ಹತ್ತಿದರೆ ಇನ್ನೂ ಒಳ್ಳೆಯದು. ನಾಗತ್ತೆಯಂಥವರು ಮೊದಲು ಹತ್ತುವಂತಿಲ್ಲ. ಕಂಡಕ್ಟರ್ ಮಾದಪ್ಪ ಕೆಟ್ಟವನೇನಲ್ಲ, ತುಂಬ ಮರ್ಯಾದಸ್ಥ. “ಮಗ ಮೊದ್ಲು ಅತ್ಲಿ ಅಕ್ಕಾವ್ರೇ, ಅದ್ರ ಇಂದ್ಗಡೆ ನೀವು ಬನ್ನಿ,” ಎಂದು ಮೆಲ್ಲಗೆ ಹೇಳಿ ನನ್ನ ಕೈ ಹಿಡಿದು ಎತ್ತುತ್ತಿದ್ದ. ನಾನು ಬಲಗಾಲಿಟ್ಟು ಹತ್ತಬೇಕು. ಅವನು ಮೊದಲ ಟಿಕೆಟ್ಟನ್ನು ಹರಿದು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಡುತ್ತಿದ್ದ. ದೇವರ ಪಟಕ್ಕೆ ಹಾಕಿದ ಹಾರದಿಂದ ಒಂದು ಕನಕಾಂಬರ ಎಳೆದು ನನ್ನ ಜಡೆಗೆ ಸಿಕ್ಕಿಸುತ್ತಿದ್ದ. ಆಮೇಲೆ ಅತ್ತೆ ಸದ್ದಿಲ್ಲದೆ ಹತ್ತಿ ನನ್ನ ಪಕ್ಕ ಕೂರುತ್ತಿದ್ದಳು. ನನಗೋ ಅಹಂಕಾರ ನೆತ್ತಿಗೇರಿತ್ತು. ನಾನು ಹತ್ತದಿದ್ದರೆ ಬಸ್ಸು ಓಡುವುದೇ ಇಲ್ಲ ಎಂದು ತರಗತಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ನನಗೆ ಒಂಬತ್ತು ನಡೆಯುತ್ತಿದ್ದಾಗ ಗುಂಡ್ಲುಪೇಟೆಯ ಹೆಂಗಸರ ಸಮಾಜವೊಂದರಲ್ಲಿ ಹೊಲಿಗೆ ಹೇಳಿಕೊಡುವವರು ಬೇಕೆಂದು ಅತ್ತೆಗೆ ತಿಳಿಯಿತು. ಅವಳು ಕಾಗದ ಬರೆದಳು, ಉತ್ತರ ಬಂತು. ಇಂಥ ಸೋಮವಾರ ಹನ್ನೊಂದು ಗಂಟೆಗೆ, ಹೊಲಿದ ಮಾದರಿಗಳ ಜೊತೆ ಬರಬೇಕು. ಕೆಲಸವಾದರೆ ಇರುವುದಕ್ಕೆ ಅಲ್ಲೇ ಒಂದು ಕೋಣೆ. ಆ ಕೋಣೆಯ ಮಾತನ್ನು ಅವಳು ನನಗೆ ಎಷ್ಟು ಸಲ ಹೇಳಿದಳೋ. “ಕಿಟ್ಕಿ ರಸ್ತೆ ಕಡೀಕೇ ಅದ್ಯಂತೆ ಕಣಮ್ಮಿ. ನೀನು ರಜಕ್ಕೆ ಬಾ. ಊಟಿ ಬಸ್ನ ಬರೀ ನೋಡದಲ್ಲ, ಒಂದಿನ ಅತ್ತನ.” ಅಪ್ಪ ಮೂರು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ “ಓಗ್ಬುಟ್ಟು ಬಾ, ಏನಾಯ್ತದೋ ನೋಡನ,” ಎಂದ. ಅತ್ತೆ ಒಂದು ಲಂಗ, ಒಂದು ರವಿಕೆ, ಒಂದು ಅಂಗಿ ಹೊಲಿದು, ಇಸ್ತ್ರಿ ಮಾಡಿ, ಹಳದಿ ತಾಗದಂತೆ ಮೂರು ಸುತ್ತು ಬಟ್ಟೆಯಲ್ಲಿ ಸುತ್ತಿಟ್ಟಳು.

ಭಾನುವಾರ ಮಧ್ಯಾಹ್ನ ಅವ್ವ ಹಿತ್ತಿಲಲ್ಲಿ ರಾಗಿ ಕೇರುತ್ತ ಪಕ್ಕದ ಮನೆಯಾಕೆಯ ಜೊತೆ ಮಾತಾಡುತ್ತಿದ್ದಳು. ನಾನು ಅಲ್ಲೇ ಬಚ್ಚಲ ಗೋಡೆಯ ಆಚೆ ಇದ್ದೆ. “ಕೂಸಿಲ್ದೆ ಅವ್ಳು ಬಸ್ ಅತ್ತಕಾಯ್ತದಾ? ಅದ್ಕೇ ಇವ್ಳ ಕರ್ಕಂಡು ಓಗದು. ಇವ್ಳೋ, ನನ್ ಮ್ಯಾಲೆ ಪ್ರೀತಿ ಅಂತ ಕುಣೀತಳೆ,” ಎಂದು ಅವ್ವ ನಕ್ಕಳು. ಅವ್ವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನಗೆ ಮೈಯೆಲ್ಲ ಉರಿಯಿತು. ಅಲ್ಲಿಯವರೆಗೆ ನಾನು ರಾಣಿ. ಒಂದೇ ಮಾತಿಗೆ ಚಕ್ರದಡಿ ಇಡುವ ನಿಂಬೆಹಣ್ಣಾಗಿಬಿಟ್ಟೆ. ಆ ಸಂಜೆ ಅತ್ತೆ ತಲೆ ಬಾಚಲು ಕರೆದರೆ ಹೋಗಲಿಲ್ಲ.

ಮರುದಿನ ಬೆಳಗ್ಗೆ ಅವಳು ನನ್ನನ್ನು ಎಬ್ಬಿಸಲು ಬರುವ ಮೊದಲೇ ಎದ್ದು ಮಂಡಿಯಲ್ಲಿ ಅರಿಶಿನದ ಮೂಟೆಗಳ ಸಂದಿಗೆ ಹೋಗಿ ಕೂತೆ. ಅವಳು ಮನೆಯೆಲ್ಲ ಹುಡುಕಿದಳು. ಹಿತ್ತಿಲಲ್ಲಿ ಕೂಗಿದಳು. ಕೊನೆಗೆ ಮಂಡಿಯ ಬಾಗಿಲಿಗೆ ಬಂದು ನಿಂತಳು. ಮೂಟೆಗಳ ನಡುವೆ ನನಗೆ ಅವಳ ಸೀರೆಯ ಅಂಚೂ ಕಾಲೂ ಕಾಣುತ್ತಿದ್ದವು. “ಅಮ್ಮಣ್ಣೀ, ಒತ್ತಾಯ್ತದೆ ಬಾ,” ಎಂದು ಒಂದು ಸಲ ಕರೆದಳು. ಹೊರಗೆ ಬಸ್ಸಿನ ರಬ್ಬರ್ ಹಾರ್ನು ಎರಡು ಸಲ ಕೂಗಿತು. ಅಲ್ಲಿ ನಾನಿದ್ದೇನೆಂದು ಅವಳಿಗೆ ಗೊತ್ತಿತ್ತೆಂದೇ ಈಗ ನನಗೆ ಅನ್ನಿಸುತ್ತದೆ. ಒಂದು ಕ್ಷಣ ನಿಂತಿದ್ದು, ಹೊರಟುಹೋದಳು.

ಮುಂದಿನದನ್ನು ಸಂಜೆ ಮಾದಪ್ಪ ಬಂದು ಜಗಲಿಯಲ್ಲಿ ಕೂತು ಅಪ್ಪನಿಗೆ ಹೇಳಿದ. ಅವತ್ತು ಚಳಿಗೆ ಯಾರೂ ಬಂದಿರಲಿಲ್ಲ. ಅತ್ತೆ ಬಸ್ಸಿನ ಪಕ್ಕ ಗಂಟು ಹಿಡಿದು, ಇನ್ಯಾರಾದರೂ ಮೊದಲು ಹತ್ತಲಿ ಎಂದು ಕಾದಳು. ಹೊತ್ತು ಮೀರಿತು. ಹತ್ತುವುದಾದರೆ ಹತ್ತಿ, ಇಲ್ಲದಿದ್ದರೆ ಬಿಡಿ ಎಂದು ಡ್ರೈವರ್ ಹೇಳಿದ. ಅವಳು ಹತ್ತಿದಳು. ದಾರಿಯಲ್ಲಿ ಉಡಿಗಾಲದವರು ಕೆಲವರು ಹತ್ತಿಕೊಂಡರು. ತೆರಕಣಾಂಬಿ ಇನ್ನೂ ಒಂದೂವರೆ ಮೈಲಿ ಇರುವಾಗ ಬಸ್ಸಿನ ಆಕ್ಸಲ್ ಮುರಿಯಿತು. ಎಲ್ಲರೂ ಇಳಿದರು. ಗುಂಪಿನಲ್ಲಿ ಒಬ್ಬ “ಮೊದ್ಲು ಅತ್ತಿದ್ದು ಯಾರ್ಲಾ?” ಎಂದು ಕೇಳಿದನಂತೆ. ಯಾರೂ ಬಯ್ಯಲಿಲ್ಲ. ಎಲ್ಲರೂ ಅವಳ ಕಡೆ ತಿರುಗಿ ನೋಡಿದರು, ಅಷ್ಟೆ. ಅವಳು ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗುಂಡ್ಲುಪೇಟೆಯ ಕಡೆಗೆ ನಡೆಯತೊಡಗಿದಳು. “ಸಾವ್ಕಾರ್ರು ಕೇಳ್ದಾಗ ನಾನು ಸುಳ್ಳೇಳಕಾಗ್ನಿಲ್ಲ ಬುದ್ದಿ. ಇನ್ಮ್ಯಾಲೆ ಅಕ್ಕಾವ್ರು ನಮ್ ಬಸ್ಗೆ ಬ್ಯಾಡ ಅಂದ್ರು,” ಎಂದು ಮಾದಪ್ಪ ತಲೆ ತಗ್ಗಿಸಿದ. ಅಪ್ಪ ಅವನಿಗೆ ಕಾಫಿ ಕೊಡಿಸಿ ಕಳಿಸಿದ.

ಅತ್ತೆ ಗುಂಡ್ಲುಪೇಟೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಹೊತ್ತಿಗೆ ಸರಿಯಾಗಿ ಬಂದ ಇನ್ನೊಬ್ಬಾಕೆಯನ್ನು ಆಗಲೇ ಗೊತ್ತು ಮಾಡಿದ್ದರು. ಸಮಾಜದವರು ಒಳ್ಳೆಯವರು, ನೀರು ಕೊಟ್ಟು, ಹೊಲಿಗೆ ಅಚ್ಚುಕಟ್ಟಾಗಿದೆ ಎಂದು ಹೊಗಳಿದರು. ಯಾರದೋ ಅರಿಶಿನದ ಗಾಡಿಯಲ್ಲಿ ಕೂತು ಮರುದಿನ ಬೆಳಗ್ಗೆ ಅವಳು ಮನೆಗೆ ಬಂದಳು. ಕಾಲು ತೊಳೆದುಕೊಂಡಳು. ಗಂಟು ಬಿಚ್ಚಿ, ಆ ಲಂಗವನ್ನೂ ರವಿಕೆಯನ್ನೂ ನನಗೆ ಕೊಟ್ಟಳು; ಎರಡೂ ನನ್ನ ಅಳತೆಗೇ ಇದ್ದವು. ನಾನು ಹಾಕಿಕೊಂಡೆ. ನನ್ನನ್ನು ಅವಳು ಏನೂ ಕೇಳಲಿಲ್ಲ. “ಬಸ್ಸು ಬ್ಯಾಡ ಬುಡು ನಾಗಿ ಇನ್ನ,” ಎಂದು ಅಪ್ಪ ಊಟದ ಹೊತ್ತಿನಲ್ಲಿ ಹೇಳಿದಾಗ ಅವಳು ಹೂಂ ಎಂದಳು. ಬಸ್ಸು ಬೇಡವೆಂದರೆ ರೈಲಿಗೆ ಏನಾಗಿತ್ತು? ಆದರೆ ಆಮೇಲೆ ಅವಳು ರೈಲನ್ನೂ ಹತ್ತಲಿಲ್ಲ. ಸಾಹುಕಾರರು ಹೋದರು, ಆ ಬಸ್ಸೂ ಹೋಯಿತು, ಎಷ್ಟೋ ಹೊಸ ಬಸ್ಸುಗಳು ನಮ್ಮ ಜಗಲಿಯ ಎದುರು ಬಂದು ನಿಂತು ಹೊರಟವು. ಅವಳು ಒಳಗೆ ಮಿಷನ್ನು ತಿರುಗಿಸುತ್ತ ಕೂತಿರುತ್ತಿದ್ದಳು. ದಾರ ಮುಗಿದರೆ ಯಾರಾದರೂ ತಂದುಕೊಡುತ್ತಿದ್ದರು.

ನನಗೆ ಮೈಸೂರಿಗೆ ಮದುವೆಯಾಯಿತು. ಮೊದಲ ಮಗಳನ್ನು ಎತ್ತಿಕೊಂಡು ತವರಿಗೆ ಹೋದಾಗ ಒಂದು ಮಧ್ಯಾಹ್ನ ಅವಳ ಬಳಿ ಕೂತು, ಅಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ. ಅವತ್ತು ನಾನು ಮೂಟೆಯ ಹಿಂದೆ ಇದ್ದೆ ಅತ್ತೆ, ಬೇಕೆಂದೇ ಬರಲಿಲ್ಲ, ನಾನು ಬಂದು ಮೊದಲು ಹತ್ತಿದ್ದರೆ ನಿನಗೆ ಹೀಗಾಗುತ್ತಿರಲಿಲ್ಲ ಎಂದೆ. ಅವಳು ನನ್ನ ಮಗಳ ಅಂಗಿಗೆ ಗುಂಡಿ ಹಾಕುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿದು ನನ್ನನ್ನು ನೋಡಿದಳು.

“ಗೊತ್ತು ಕಣಮ್ಮಿ. ನೀನ್ ಬಂದಿದ್ರೂವೆ ಆಕ್ಸಲ್ ಮುರೀತಿತ್ತು, ಕಬ್ಣ ಅದು. ಆಗ ನಿನ್ ಕಡೆ ತಿರುಗ್ ನೋಡೋರು ಅವ್ರೆಲ್ಲ. ಒಂಬತ್ ವರ್ಸುದ್ ಕೂಸು ನೀನು. ಆ ದಾರಿ ಉದ್ದಕ್ಕೂ ನಾನು, ಸದ್ಯ ಕೂಸು ಬರ್ನಿಲ್ಲ, ಸದ್ಯ ಕೂಸು ಬರ್ನಿಲ್ಲ ಅಂದ್ಕಂಡೇ ನಡುದಿ.”

ಅಂಗಿಯನ್ನು ಕೊಡವಿ ಮಗುವಿಗೆ ತೊಡಿಸಿದಳು. ಎರಡು ವರ್ಷದ ಮೇಲೆ ಅವಳು ತೀರಿಕೊಂಡಳೆಂದು ತಂತಿ ಬಂತು, ಬಸ್ಸು ಹತ್ತಿ ಹೋಗಿ ಮಣ್ಣು ಹಾಕಿ ಬಂದೆ. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ಇನ್ನೂ ಬಂದಿಲ್ಲ.