ಅಪ್ಪ ರೊಟ್ಟಿ ಬಡಿದ ಎರಡು ವರ್ಷ

ಮೈಸೂರಿನ ನನ್ನ ಬಾಡಿಗೆ ಕೋಣೆಯ ಕೆಳಗೆ ಉತ್ತರ ಕರ್ನಾಟಕದವರ ಖಾನಾವಳಿಯೊಂದಿದೆ. ಬೆಳಿಗ್ಗೆ ಅಲ್ಲಿಂದ ಪಟಪಟನೆ ರೊಟ್ಟಿ ಬಡಿಯುವ ಸದ್ದು ಮೇಲೇರಿ ಬರುತ್ತದೆ. ಆ ಸದ್ದಿಗೆ ನಮ್ಮ ಕಡೆಯವರಿಗೆಲ್ಲ ಅವ್ವನೋ ಅಜ್ಜಿಯೋ ನೆನಪಾಗುತ್ತಾರೆ. ನಿಮಗೂ ಹಾಗೆಯೇ ಇರಬಹುದು. ನನಗೆ ನೆನಪಾಗುವುದು ಅಪ್ಪ. ಅಬುಧಾಬಿಯ ಖಾಲಿದಿಯಾ ಬಡಾವಣೆಯ ಫ್ಲ್ಯಾಟಿನಲ್ಲಿ ಬನಿಯನ್ ತೊಟ್ಟು, ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು, ಎಸಿ ತಲುಪದ ಅಡುಗೆಮನೆಯಲ್ಲಿ ಬೆವರುತ್ತ ನಿಂತಿರುತ್ತಿದ್ದ ಅಪ್ಪ.

ಗದಗ ಕಡೆಯ ಅಪ್ಪ ಅಲ್ಲಿ ಸೈಟ್ ಎಂಜಿನಿಯರ್, ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ನಾನು ಆರನೆಯ ತರಗತಿಯಲ್ಲಿದ್ದಾಗ ಅಪ್ಪನ ಕಂಪನಿ ಮುಚ್ಚಿತು. ನಮ್ಮೆಲ್ಲರ ವೀಸಾ ಅಮ್ಮನ ಹೆಸರಿಗೆ ಬಂತು. ಹೆಂಡತಿಯ ವೀಸಾದ ಮೇಲಿರುವ ಗಂಡಸು ಎಂದು ಯಾರೂ ಅನ್ನದಿದ್ದರೂ ಅಪ್ಪನಿಗೆ ಅದು ಕೇಳಿಸುತ್ತಿತ್ತು. ಕೆಲವು ವಾರ ಅವನು ಸೋಫಾ ಬಿಟ್ಟು ಏಳಲಿಲ್ಲ. ಒಂದು ದಿನ ನನ್ನ ತಮ್ಮ ಡಬ್ಬಿಯೊಳಗಿನ ಒಣ ಖುಬ್ಸನ್ನು, ಅಂಗಡಿಯಿಂದ ತಂದ ಅರಬ್ಬಿ ರೊಟ್ಟಿಯನ್ನು, ಹಾಗೆಯೇ ವಾಪಸು ತಂದ. ಅಪ್ಪ ಅದನ್ನು ನೋಡುತ್ತ ಕೂತಿದ್ದು, ಎದ್ದು ಅಡುಗೆಮನೆಗೆ ಹೋದ. ಮೊದಲ ರೊಟ್ಟಿಗಳು ಹೆಂಚಿಗೆ ಬೀಳುವ ಮೊದಲೇ ಹರಿದವು. ಡ್ಯೂಟಿ ಮುಗಿಸಿ ಬಂದ ಅಮ್ಮ ಬಾಗಿಲಿಗೊರಗಿ ನಿಂತು, "ನೀರು ಕುದೀಲಿ, ಆಮ್ಯಾಲ ಹಿಟ್ಟು ಹಾಕ್ರಿ," ಎಂದಳು. ಅಷ್ಟೇ, ಕೈ ಹಾಕಲಿಲ್ಲ, ನಗಲೂ ಇಲ್ಲ.

ಆಮೇಲಿನ ದಿನಗಳ ಬಗ್ಗೆ ಏನು ಹೇಳಲಿ? ಸೈಟಿನಲ್ಲಿ ಕಬ್ಬಿಣದ ಸರಳು ಕಟ್ಟಿಸುವ ಹಾಗೆ ಅಪ್ಪ ನನಗೆ ಜಡೆ ಹಾಕುತ್ತಿದ್ದ. ಹುಬ್ಬು ಮೇಲೇರುವಷ್ಟು ಬಿಗಿ. ಯಾವ ಗೆಳತಿಯೊಡನೆ ಮಾತು ಬಿಟ್ಟಿದ್ದೇನೆ, ತಮ್ಮನಿಗೆ ಯಾವ ಟೀಚರನ್ನು ಕಂಡರೆ ಹೆದರಿಕೆ, ಎಲ್ಲ ಅವನಿಗೆ ಗೊತ್ತಿತ್ತು. "ರೀ, ಜೀರಿಗಿ ಎಲ್ಲಿಟ್ಟೀರಿ?" ಎಂದು ಅಮ್ಮ ಕೇಳುವಳು. ಅಪ್ಪನ ರೊಟ್ಟಿ ಈಗ ಪೂರಿಯ ಹಾಗೆ ಉಬ್ಬುತ್ತಿತ್ತು.

ಅಮ್ಮನನ್ನು ರೇಗಿಸಿದ್ದು ಜನರ ಹೊಗಳಿಕೆ. ದುಬೈಯಲ್ಲಿ ನಮ್ಮವರ ರಾಜ್ಯೋತ್ಸವಕ್ಕೆ ಅಪ್ಪ ಬುಟ್ಟಿ ತುಂಬ ರೊಟ್ಟಿ ಒಯ್ದ. ತಿಂದವರು ಅವನನ್ನು ವೇದಿಕೆಗೆ ಕರೆದು, ಹೆಂಡತಿಗೆ ನೆರವಾಗುವ ಆದರ್ಶ ಪತಿ ಎಂದು ಶಾಲು ಹೊದಿಸಿದರು. ಅಪ್ಪ ನಾಚಿಕೊಂಡು ಕೈಮುಗಿದ. ರಾತ್ರಿಪಾಳಿ ಮುಗಿಸಿ ನಿದ್ದೆಯಿಲ್ಲದೆ ಬಂದಿದ್ದ ಅಮ್ಮನಿಗೆ ಪಕ್ಕದ ಹೆಂಗಸು, "ಭಾಳ ಪುಣ್ಯ ಮಾಡೀರಿ ಅಕ್ಕಾ," ಎಂದಳು.

"ಅಷ್ಟೂ ವರ್ಷ ಡ್ಯೂಟಿ ಮಾಡಿಬಂದು ನಾನೂ ರೊಟ್ಟಿ ಬಡದೀನ್ರೀ," ಎಂದಳು ಅಮ್ಮ, ಸುತ್ತಲಿನವರಿಗೂ ಕೇಳುವಂತೆ. "ಆವಾಗ ಇವರು ಪುಣ್ಯ ಮಾಡ್ಯಾರಂತ ಒಬ್ಬರರ ಅಂದೀರೇನು?"

ಅಬುಧಾಬಿಗೆ ಮರಳುವಾಗ ಕಾರಿನಲ್ಲಿ ಅಪ್ಪ, "ಆ ಮಾತು ಸ್ಟೇಜ್ ಮ್ಯಾಲೆ ನಾ ಹೇಳಬೇಕಾಗಿತ್ತು," ಎಂದ.

"ಹೇಳಲಿಲ್ಲಲ್ಲ," ಎಂದಳು ಅಮ್ಮ, ಕಿಟಕಿಯಾಚೆ ನೋಡುತ್ತ.

ಮರುವರ್ಷ ಅಪ್ಪನಿಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ, ದಿನವೂ ಕಾರಿನಲ್ಲಿ ಹೋಗಿಬರುವ ಕೆಲಸ ಸಿಕ್ಕಿತು. ನಾವೆಲ್ಲ ಕುಣಿದೆವು. ಮೊದಲ ದಿನ ಕೆಲಸದಿಂದ ಬಂದವನೇ ಸೋಫಾದ ಮೇಲೆ ಕೂತು, "ಏ, ಒಂದು ಗ್ಲಾಸ್ ನೀರು ಕೊಡು," ಎಂದ. ಆಗಷ್ಟೇ ಒಳಬಂದ ಅಮ್ಮ ಹೆಗಲ ಚೀಲ ಕೂಡ ಇಳಿಸದೆ ನೀರು ತಂದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಪಪ್ಪಾ, ಯು ನೋ ವೇರ್ ದ ಗ್ಲಾಸಸ್ ಆರ್!" ಎಂದು ಕೂಗಿದೆ. ಅಪ್ಪ ನಿಜಕ್ಕೂ ಅರ್ಥವಾಗದವನಂತೆ ನೋಡಿದ. "ಈಗ ನನಗೂ ಡ್ಯೂಟಿ ಐತಲ್ಲವಾ," ಎಂದ. ಅಮ್ಮನಿಗೂ ಇತ್ತು. ಅದನ್ನು ಅಂದು ಯಾರೂ ಹೇಳಲಿಲ್ಲ, ಅಮ್ಮ ಕೂಡ. ಒಂದು ವಾರದೊಳಗೆ ಜೀರಿಗೆ ಎಲ್ಲಿದೆಯೆಂಬುದು ಅಪ್ಪನಿಗೆ ಮರೆತುಹೋಯಿತು.

ಆ ಫ್ಲ್ಯಾಟಿನಲ್ಲಿ ಈಗ ಬೇರೆ ಯಾರೋ ಇದ್ದಾರೆ. ಅಪ್ಪ ಅಮ್ಮ ಧಾರವಾಡದಲ್ಲಿ ಆರೋಗ್ಯವಾಗಿದ್ದಾರೆ. ಹಾಗಾಗಿ ನಾನು ಯಾರನ್ನು ಕಳೆದುಕೊಂಡೆನೆಂದು ವಿವರಿಸುವುದು ಕಷ್ಟ. ಇದ್ದ ಮನುಷ್ಯನೊಬ್ಬ ಇದ್ದಲ್ಲಿಯೇ ಇಲ್ಲವಾದದ್ದು ನಿಮ್ಮ ಮನೆಯಲ್ಲೂ ಆಗಿದ್ದರೆ ನಿಮಗೆ ತಿಳಿದೀತು. ಕಳೆದ ಭಾನುವಾರ ಫೋನಿನಲ್ಲಿ ಆ ದಿನಗಳ ಮಾತೆತ್ತಿದೆ.

"ಅವು ಕೆಟ್ಟ ದಿನ. ಅವನ್ನ ಯಾಕ ನೆನಸ್ತಿ?" ಎಂದ ಅಪ್ಪ. ಆಮೇಲೆ, "ತಡಿ, ನಿಮ್ಮಮ್ಮಗ ಕೊಡತೀನಿ," ಎಂದು ಫೋನು ದಾಟಿಸಿದ.